ಮನೆ ಮೇಲಿನ ವಿಮಾನ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾದಾಗ ಇದ್ದದ್ದು ಒಂದೇ ರನ್‌ವೇ. 2019ರ ಡಿಸೆಂಬರ್‌ನಲ್ಲಿ ಅದರ ದಕ್ಷಿಣಕ್ಕೆ ಎರಡನೆಯದು ಸೇರಿತು. 2023ರಲ್ಲಿ ಎರಡನೇ ಟರ್ಮಿನಲ್ ಬಳಕೆಗೆ ಬಂತು. ಸುತ್ತಲಿನ ಊರುಗಳಿಂದ ಸದ್ದಿನ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ತೆರನಾದವನ್ನು ಒಟ್ಟುಗೂಡಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಊರ ಮೇಲೆ ವಿಮಾನಗಳು ತೀರಾ ತಗ್ಗಿನಲ್ಲಿ, ಒಂದರ ಹಿಂದೊಂದು ಬರುತ್ತವೆ. ಸಂಕ್ರಾಂತಿ ಹೊತ್ತಿಗೆ ಆ ಸದ್ದು ನಿಂತು ಬೇರೆ ತರದ ಸದ್ದು ಶುರುವಾಗುತ್ತದೆ. ವರ್ಷಕ್ಕೆರಡು ಸಲ ದಾರಿ ಬದಲಿಸುತ್ತಾರೆಯೇ? (ಸೂಲಿಬೆಲೆ ಕಡೆಯ ಓದುಗರು)

ಉತ್ತರ: ಬದಲಿಸುವುದು ಗಾಳಿ. ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಮಲಗಿವೆ, ಒಂದೊಂದೂ 4,000 ಮೀಟರ್ ಉದ್ದ. ಏರುವಾಗಲೂ ಇಳಿಯುವಾಗಲೂ ವಿಮಾನಕ್ಕೆ ಎದುರುಗಾಳಿ ಬೇಕು. ಬೆನ್ನಿಗೆ ಬೀಸುವ ಗಾಳಿ ಸಾಮಾನ್ಯವಾಗಿ 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ದಾಟುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಜೋರು. ಆಗ ವಿಮಾನಗಳು ನಿಮ್ಮ ಕಡೆಯಿಂದ, ಅಂದರೆ ಪೂರ್ವದಿಂದ ಬಂದಿಳಿಯುತ್ತವೆ, ಪಶ್ಚಿಮದ ರಾಜಾನುಕುಂಟೆ ಕಡೆಗೆ ಏರುತ್ತವೆ. ಹಿಂಗಾರಿನ ಮೂಡಣ ಗಾಳಿ ಹಿಡಿದ ಮೇಲೆ ಎಲ್ಲವೂ ತಿರುಗುಮುರುಗು: ಇಳಿಯುವವು ಪಶ್ಚಿಮದಿಂದ ಬರುತ್ತವೆ, ನಿಮ್ಮ ಮೇಲೆ ಏರುವವು ಹೋಗುತ್ತವೆ. ಸದ್ದಿನ ಬಗೆ ಬದಲಾಗುವುದೂ ಅದಕ್ಕೇ. ಏರುವಾಗ ಎಂಜಿನ್ನಿನ ಗುಡುಗು ಹೆಚ್ಚು. ಇಳಿಯುವಾಗ ಚಕ್ರ, ರೆಕ್ಕೆಯ ಫ್ಲ್ಯಾಪ್‌ಗಳನ್ನು ಗಾಳಿ ಸೀಳುವ ಸದ್ದೇ ದೊಡ್ಡದು.

'ತಗ್ಗಿನಲ್ಲಿ ಹಾರಿಸುತ್ತಾರೆ' ಎಂಬ ದೂರು ಇಳಿಯುವ ವಿಮಾನದ ವಿಷಯದಲ್ಲಿ ನಿಲ್ಲುವುದಿಲ್ಲ. ಇಳಿಜಾರು 3 ಡಿಗ್ರಿ, ಅಂದರೆ ಕಿಲೋಮೀಟರಿಗೆ ಸುಮಾರು 52 ಮೀಟರ್. ರನ್‌ವೇ ಅಂಚಿನಿಂದ 5 ಕಿ.ಮೀ. ದೂರದಲ್ಲಿ ಎತ್ತರ ಸುಮಾರು 275 ಮೀಟರ್, 8 ಕಿ.ಮೀ.ಯಲ್ಲಿ 435, 10 ಕಿ.ಮೀ.ಯಲ್ಲಿ 540. ಯಾವ ಕಂಪನಿಯ ವಿಮಾನವಾದರೂ ಇಷ್ಟೇ. ಕೇಳಬಹುದಾದದ್ದು ಬೇರೆ ಇದೆ. 20 ಕಿ.ಮೀ. ಆಚೆ ವಿಮಾನವನ್ನು ಒಂದೇ ಮಟ್ಟದಲ್ಲಿ ಹಾರಿಸಿದರೆ ಎಂಜಿನ್ನಿಗೆ ಮತ್ತೆ ಶಕ್ತಿ ಕೊಡಬೇಕಾಗುತ್ತದೆ. ಮಟ್ಟ ಹಿಡಿಯದೆ ಒಂದೇ ಸಮನೆ ಇಳಿದು ಬಂದರೆ ಆ ಸದ್ದು ತಪ್ಪುತ್ತದೆ. ಹಾಗೆಯೇ ಗಾಳಿ ಸತ್ತಿರುವ ರಾತ್ರಿಗಳಲ್ಲಿ ಯಾವ ದಿಕ್ಕು, ಯಾವ ರನ್‌ವೇ ಎಂಬ ಆಯ್ಕೆ ವಾಯು ಸಂಚಾರ ನಿಯಂತ್ರಣದ ಕೈಯಲ್ಲಿರುತ್ತದೆ. ಒತ್ತಾಯ ಮಾಡಿ ಫಲ ಕಾಣಬಹುದಾದ ಜಾಗ ಅದು.

ಪ್ರಶ್ನೆ: ಮೊದಲು ವಿಮಾನಗಳು ಆಕಾಶದ ತುಂಬ ಚದುರಿ ಹೋಗುತ್ತಿದ್ದವು. ಈಗ ಗೆರೆ ಎಳೆದ ಹಾಗೆ ನಮ್ಮ ಬಡಾವಣೆಯ ನೆತ್ತಿಯ ಮೇಲೇ ಸಾಗುತ್ತವೆ. ಪಕ್ಕದ ಊರಿಗೆ ತೊಂದರೆಯೇ ಇಲ್ಲ. ಇದು ಹೇಗೆ? (ಬಾಗಲೂರು)

ಉತ್ತರ: ಹಿಂದೆ ನಿಯಂತ್ರಕರು ಒಂದೊಂದು ವಿಮಾನಕ್ಕೂ ಬಾಯಲ್ಲಿ ದಿಕ್ಕು ಹೇಳುತ್ತಿದ್ದರು, ದಾರಿಗಳು ತಾವಾಗಿ ಚದುರುತ್ತಿದ್ದವು. ಉಪಗ್ರಹ ಆಧಾರಿತ ಮಾರ್ಗಗಳಲ್ಲಿ ವಿಮಾನದ ಕಂಪ್ಯೂಟರ್ ನಿಗದಿಯಾದ ಬಿಂದುಗಳ ಮೇಲೆ ನೂರಿನ್ನೂರು ಮೀಟರ್ ವ್ಯತ್ಯಾಸವೂ ಇಲ್ಲದೆ ಹೋಗುತ್ತದೆ. ಒಟ್ಟಾರೆ ಸದ್ದಿಗೆ ಒಳಗಾಗುವ ಜನ ಕಡಿಮೆಯಾಗುತ್ತಾರೆ, ಆದರೆ ಗೆರೆಯ ಕೆಳಗಿರುವವರ ಪಾಲಿಗೆ ಎಲ್ಲವೂ ಬಂದು ಬೀಳುತ್ತದೆ. ಇದು ನ್ಯಾಯವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಮೆರಿಕದ ಫೀನಿಕ್ಸ್‌ನಲ್ಲಿ 2014ರ ಸೆಪ್ಟೆಂಬರಿನಲ್ಲಿ ಹೀಗೇ ಮಾರ್ಗ ಬದಲಾದಾಗ ನಗರಸಭೆ ಮತ್ತು ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 2017ರ ಆಗಸ್ಟ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಮಾರ್ಗಗಳನ್ನು ರದ್ದುಪಡಿಸಿತು. ಜನರ ಜೊತೆ ಸರಿಯಾಗಿ ಸಮಾಲೋಚಿಸಲಿಲ್ಲ ಎಂಬುದು ಆ ತೀರ್ಪಿನ ಮುಖ್ಯ ಕಾರಣಗಳಲ್ಲಿ ಒಂದು.

ನಿಮ್ಮ ಮೇಲಿನ ಗೆರೆ ಅಧಿಕೃತವೇ ಎಂದು ನೀವೇ ನೋಡಬಹುದು. ಭಾರತದ ವೈಮಾನಿಕ ಮಾಹಿತಿ ಪ್ರಕಟಣೆ ವಿಮಾನ ನಿಲ್ದಾಣಗಳ ಪ್ರಾಧಿಕಾರದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಬೆಂಗಳೂರಿನ ಸಂಕೇತ ವಿಒಬಿಎಲ್. ನಿರ್ಗಮನ ಮತ್ತು ಆಗಮನದ ನಕ್ಷೆಗಳನ್ನು ತೆಗೆದು, ಬಿಂದುಗಳ ಅಕ್ಷಾಂಶ–ರೇಖಾಂಶಗಳನ್ನು ಮೊಬೈಲ್ ನಕ್ಷೆಯ ಮೇಲೆ ಗುರುತು ಹಾಕಿ. 2.21 ಎಂಬ ವಿಭಾಗದಲ್ಲಿ ಶಬ್ದ ತಗ್ಗಿಸುವ ವಿಧಾನಗಳಿರುತ್ತವೆ, ಅದನ್ನು ಮೊದಲು ಓದಿ. ಬದಲಾವಣೆಗಳು 28 ದಿನಕ್ಕೊಮ್ಮೆ, ಗುರುವಾರದಂದು ಜಾರಿಗೆ ಬರುತ್ತವೆ. ಸದ್ದು ಏಕಾಏಕಿ ಶುರುವಾದ ದಿನ ಗುರುವಾರವಾಗಿದ್ದು, ಆ ಸುಮಾರಿನಲ್ಲಿ ಹೊಸ ನಕ್ಷೆ ಬಂದಿದ್ದರೆ ನಿಮ್ಮ ಅನುಮಾನಕ್ಕೆ ಆಧಾರ ಸಿಕ್ಕಿತು.

ಪ್ರಶ್ನೆ: ಮೊಬೈಲ್ ಆ್ಯಪಿನಲ್ಲಿ 88 ಡೆಸಿಬೆಲ್ ತೋರಿಸಿತು. ವಿಮಾನ ಹುಡುಕುವ ಆ್ಯಪಿನಲ್ಲಿ ಎತ್ತರ 5,000 ಅಡಿ ಎಂದಿತ್ತು. ದೂರಿನಲ್ಲಿ ಇವನ್ನು ಬರೆಯಬಹುದೇ? (ದೊಡ್ಡಬಳ್ಳಾಪುರ)

ಉತ್ತರ: ಮೊದಲು ಎತ್ತರದ ವಿಷಯ, ಏಕೆಂದರೆ ಇದರಲ್ಲಿ ಬಹಳ ಜನ ಎಡವುತ್ತಾರೆ. ಆ ಆ್ಯಪ್‌ಗಳಲ್ಲಿ ಕಾಣುವುದು ನೆಲದಿಂದ ಎತ್ತರವಲ್ಲ. ವಿಮಾನ ಕಳಿಸುವ ಅಂಕಿ, 1013 ಹೆಕ್ಟೊಪಾಸ್ಕಲ್ ಒತ್ತಡವನ್ನು ಸಮುದ್ರಮಟ್ಟ ಎಂದಿಟ್ಟುಕೊಂಡು ಲೆಕ್ಕ ಹಾಕಿದ್ದು. ಬೆಂಗಳೂರು ವಿಮಾನ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ನಿಮ್ಮ ಮೇಲೆ ಹೋದ ವಿಮಾನದ ನಿಜವಾದ ಎತ್ತರ ಸುಮಾರು 2,000 ಅಡಿ. ದಿನದ ಗಾಳಿಯೊತ್ತಡ ನೋಡಿ ನೂರಿನ್ನೂರು ಅಡಿ ಆಚೀಚೆ ಆದೀತು.

ಇನ್ನು ಸದ್ದು. ಮೊಬೈಲಿನ ಮೈಕು ಮಾತಿಗೆಂದು ಮಾಡಿದ್ದು. ಜೋರು ಸದ್ದು ಬಂದರೆ ತಾನೇ ತಗ್ಗಿಸಿಕೊಳ್ಳುತ್ತದೆ. 5–10 ಡೆಸಿಬೆಲ್ ತಪ್ಪು ಸಾಮಾನ್ಯ. ಎಷ್ಟು ಗಂಟೆಗೆ ಎಷ್ಟು ವಿಮಾನ ಎಂದು ಎಣಿಸಿ ಬರೆದಿಡುವುದಕ್ಕೆ ಮೊಬೈಲ್ ಸಾಕು, ಡೆಸಿಬೆಲ್ ಅಂಕಿಗೆ ಸಾಲದು. ಊರವರು ಸೇರಿ 'ಕ್ಲಾಸ್ 2' ಎಂಬ ನಿಖರತೆಯ ಶಬ್ದಮಾಪಕವನ್ನು ಬಾಡಿಗೆಗೆ ತನ್ನಿ. ಅಳತೆ ಸರಿಯಿದೆ ಎಂಬ ಪ್ರಮಾಣಪತ್ರವೂ, ಮಾಪಕವನ್ನು ಪರೀಕ್ಷಿಸಲು 94 ಡೆಸಿಬೆಲ್ ಸದ್ದು ಕೊಡುವ ಕ್ಯಾಲಿಬ್ರೇಟರೂ ಜೊತೆಗಿರಲಿ. ಅಳೆಯುವ ಮೊದಲೂ ಆಮೇಲೂ ಕ್ಯಾಲಿಬ್ರೇಟರ್ ಹಚ್ಚಿ ನೋಡಿ. ಎರಡರ ನಡುವೆ 1 ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ದಿನದ ಅಳತೆ ಬಿಟ್ಟುಬಿಡಿ. ಮಾಪಕವನ್ನು 'ಎ' ಮತ್ತು 'ಸ್ಲೋ'ಗೆ ಇಟ್ಟು, ಸ್ಟ್ಯಾಂಡಿನ ಮೇಲೆ 1.2ರಿಂದ 1.5 ಮೀಟರ್ ಎತ್ತರದಲ್ಲಿ, ಗೋಡೆಗಳಿಂದ 3.5 ಮೀಟರ್ ದೂರದಲ್ಲಿ ನಿಲ್ಲಿಸಿ. ಮೈಕಿನ ಮೇಲೆ ಸ್ಪಂಜಿನ ಟೊಪ್ಪಿ ಇರಲೇಬೇಕು. ಗಾಳಿ ಸೆಕೆಂಡಿಗೆ 5 ಮೀಟರ್ ದಾಟಿದರೆ ಅಳೆಯಬೇಡಿ, ದಾಖಲಾಗುವುದು ಬರಿ ಗಾಳಿಯ ಸದ್ದು. ಪ್ರತಿ ವಿಮಾನಕ್ಕೂ ದಿನಾಂಕ, ಹೊತ್ತು, ದಿಕ್ಕು, ಗರಿಷ್ಠ ಸದ್ದು, ವಿಮಾನ ಇಲ್ಲದಾಗಿನ ಸದ್ದು ಬರೆದಿಡಿ. ಕೊನೆಯೆರಡರ ನಡುವೆ 10 ಡೆಸಿಬೆಲ್ ಅಂತರವಿದ್ದರೆ ಯಾರೂ ತಕರಾರು ತೆಗೆಯಲಾರರು. ಒಂದು ವಾರ ಮುಂಗಾರಿನಲ್ಲಿ, ಒಂದು ವಾರ ಜನವರಿ ಸುಮಾರಿನಲ್ಲಿ ಅಳೆಯಿರಿ. ಒಂದೇ ಕಾಲದ ಅಳತೆಯಲ್ಲಿ ಅರ್ಧ ಚಿತ್ರವೇ ಸಿಗುವುದು.

ಪ್ರಶ್ನೆ: ರಾತ್ರಿ ಹತ್ತಾರು ಸಲ ಎಚ್ಚರವಾಗುತ್ತದೆ. ದೂರು ಕೊಟ್ಟರೆ 'ಸರಾಸರಿ ಮಿತಿಯೊಳಗಿದೆ' ಎಂಬ ಉತ್ತರ ಬಂತು. ಮಿತಿ ಎಂದರೆ ಎಷ್ಟು? ಅವರು ಹೇಳುವುದು ನಿಜವೇ? (ಯಲಹಂಕ ತಾಲ್ಲೂಕು)

ಉತ್ತರ: ಬಹುಶಃ ನಿಜವೇ ಇರುತ್ತದೆ. ತೊಂದರೆ ಇರುವುದು ಮಿತಿಯಲ್ಲೇ.

ಕೇಂದ್ರ ಪರಿಸರ ಸಚಿವಾಲಯ 2018ರ ಜೂನ್‌ನಲ್ಲಿ ವಿಮಾನ ನಿಲ್ದಾಣದ ಶಬ್ದ ವಲಯಕ್ಕೆಂದೇ ಮಾನದಂಡ ಹೊರಡಿಸಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಏರಿಳಿತಗಳಿರುವ ನಿಲ್ದಾಣಕ್ಕೆ ಹಗಲು 70, ರಾತ್ರಿ 65 ಡೆಸಿಬೆಲ್. ಉಳಿದವಕ್ಕೆ 65 ಮತ್ತು 60. ಬೆಂಗಳೂರು ಮೊದಲನೆಯ ಗುಂಪಿನದು. ರಾತ್ರಿ ಎಂದರೆ 10ರಿಂದ ಬೆಳಗಿನ 6. ಈ ಅಂಕಿಗಳೆಲ್ಲ ಸರಾಸರಿ. ಎಂಟು ಗಂಟೆಗಳಲ್ಲಿ ಬಂದ ಶಬ್ದಶಕ್ತಿಯನ್ನೆಲ್ಲ ಆ 28,800 ಸೆಕೆಂಡುಗಳಿಗೆ ಹರಡಿ ತೆಗೆದದ್ದು.

ಲೆಕ್ಕ ಹಾಕಿ ನೋಡೋಣ. ಒಂದು ವಿಮಾನ ಹಾದುಹೋದಾಗಿನ ಇಡೀ ಸದ್ದನ್ನು ಒಂದು ಸೆಕೆಂಡಿಗೆ ಅಡಕಿದರೆ 85 ಡೆಸಿಬೆಲ್ ಆಗುತ್ತದೆ ಎನ್ನಿ. ಅಂಗಳದಲ್ಲಿ ಅದರ ಗರಿಷ್ಠ ಸದ್ದು ಸುಮಾರು 75, ಕಿಟಕಿ ತೆರೆದು ಮಲಗಿದವರನ್ನು ಎಬ್ಬಿಸಲು ಬೇಕಾದಷ್ಟು. ಅಂಥ ವಿಮಾನಗಳು ಒಂದು ರಾತ್ರಿಗೆ 60 ಹೋದರೂ ಸರಾಸರಿ ಸುಮಾರು 58. ಮಿತಿಯಾದ 65 ಮುಟ್ಟಲು 288 ವಿಮಾನ ಬೇಕು, ಅಂದರೆ 100 ಸೆಕೆಂಡಿಗೊಂದರಂತೆ ರಾತ್ರಿಯಿಡೀ. 'ಮಿತಿಯೊಳಗಿದೆ' ಎಂಬ ಮಾತಿನ ತೂಕ ಇಷ್ಟೇ. ವಿಸ್ತರಣೆಯ ವರದಿಗಳಲ್ಲಿ 'ಸದ್ದು ಬರೀ 3 ಡೆಸಿಬೆಲ್ ಹೆಚ್ಚುತ್ತದೆ' ಎಂದು ಓದಿದರೂ ಎಚ್ಚರವಿರಲಿ. ಒಂದೇ ತರದ ವಿಮಾನಗಳ ಸಂಖ್ಯೆ ಇಮ್ಮಡಿಯಾದರೆ ಸರಾಸರಿ ಏರುವುದು ಸರಿಯಾಗಿ 3.

ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗೆಂದು 2018ರಲ್ಲೇ ಕೊಟ್ಟ ಮಾರ್ಗಸೂಚಿಯಲ್ಲಿ ವಿಮಾನದ ಸದ್ದಿಗೆ ರಾತ್ರಿ 40 ಡೆಸಿಬೆಲ್ ಎಂದಿದೆ. ಅದಕ್ಕೆ ಇಲ್ಲಿ ಕಾನೂನಿನ ಬಲವಿಲ್ಲ, ಆದರೆ ಅರ್ಜಿಯಲ್ಲಿ ಉಲ್ಲೇಖಿಸಲು ಅಡ್ಡಿಯಿಲ್ಲ.

ಈಗ ಮಾಡಬೇಕಾದದ್ದು. ಮೊದಲಿಗೆ ನಿಮ್ಮ ಊರು ಶಬ್ದ ವಲಯದ ಒಳಗಿದೆಯೇ ಹೊರಗಿದೆಯೇ ಎಂದು ತಿಳಿದುಕೊಳ್ಳಿ. ಹೊರಗಿದ್ದರೆ 2000ದ ಶಬ್ದ ಮಾಲಿನ್ಯ ನಿಯಮಗಳ ವಸತಿ ಪ್ರದೇಶದ ಮಿತಿಯನ್ನೇ ಹಿಡಿದು ವಾದಿಸಬಹುದು: ಹಗಲು 55, ರಾತ್ರಿ 45. ವಲಯದ ಗಡಿ ನಕ್ಷೆ ಕೇಳಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ರಾಜ್ಯದ ಕಚೇರಿಗೆ ಹಾಕುವ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಎಲ್ಲವನ್ನೂ ಒಂದರಲ್ಲೇ ತುಂಬಿದ ಅರ್ಜಿಗಳು ವಾಪಸು ಬರುವುದು ಇದೇ ಕಾರಣಕ್ಕೆ. ನಕ್ಷೆಗೊಂದು, ಮಾಪನ ಕೇಂದ್ರಗಳ ಕಳೆದ 12 ತಿಂಗಳ ಗಂಟೆವಾರು ಅಂಕಿಗೊಂದು, ಪರಿಸರ ಅನುಮತಿಯ ಷರತ್ತು ಪಾಲನೆಯ ಅರ್ಧವಾರ್ಷಿಕ ವರದಿಗೊಂದು, ಹೀಗೆ ಮೂರು ಮಾಡಿ. ಆ ವರದಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಕೆಯಾಗಬೇಕು. ಅದು ಸಾರ್ವಜನಿಕ ದಾಖಲೆ. ಅಂಕಿ ಕೇಳುವಾಗ 'ಸರಾಸರಿ ಮಾತ್ರವಲ್ಲ, ಗರಿಷ್ಠ ಮಟ್ಟವೂ, 70 ಡೆಸಿಬೆಲ್ ದಾಟಿದ ಘಟನೆಗಳ ಸಂಖ್ಯೆಯೂ' ಎಂದು ಬಿಡಿಸಿ ಬರೆಯಿರಿ.

ಪ್ರಶ್ನೆ: ಜರ್ಮನಿಯಲ್ಲಿ ರಾತ್ರಿ ವಿಮಾನ ನಿಲ್ಲಿಸಿದ್ದಾರಂತೆ. ಇಲ್ಲೇಕೆ ಆಗದು? (ದೇವನಹಳ್ಳಿ)

ಉತ್ತರ: ಫ್ರಾಂಕ್‌ಫರ್ಟ್‌ನಲ್ಲಿ 2011ರ ಅಕ್ಟೋಬರಿನಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ವಿಮಾನಗಳಿಲ್ಲ. ಹೊಸ ರನ್‌ವೇ ಬಂದಾಗಲೇ ಅಲ್ಲಿನವರು ನ್ಯಾಯಾಲಯದಲ್ಲಿ ಹೋರಾಡಿ ಪಡೆದದ್ದು. ನಮ್ಮಲ್ಲಿ ಮಧ್ಯರಾತ್ರಿಯ ದೂರದ ವಿಮಾನಗಳು ಹೆಚ್ಚಿರುವುದಕ್ಕೆ ಯುರೋಪಿನ ಈ ನಿಷೇಧಗಳೂ ಒಂದು ಕಾರಣ: ಅಲ್ಲಿಗೆ ಬೆಳಗಾದ ಮೇಲೆ ತಲುಪಬೇಕೆಂದರೆ ಇಲ್ಲಿಂದ ನಡುರಾತ್ರಿ ಹೊರಡಬೇಕು. ಪೂರ್ತಿ ನಿಷೇಧ ಹತ್ತಿರದಲ್ಲಿ ಸಿಗುವಂತೆ ಕಾಣುವುದಿಲ್ಲ. ಸಿಗಬಹುದಾದವು ಇವು: ವಾರಕ್ಕೊಮ್ಮೆ ರಾತ್ರಿಯ ರನ್‌ವೇ ಅದಲುಬದಲು, ರಾತ್ರಿ 10ರಿಂದ 6ರವರೆಗೆ ಎಂಜಿನ್ ಪರೀಕ್ಷೆಗೆ ತಡೆ, ಇಳಿದ ಮೇಲೆ ರಿವರ್ಸ್ ಶಕ್ತಿಯನ್ನು ಸುರಕ್ಷತೆಗೆ ಬೇಕಾದಷ್ಟೇ ಬಳಸುವುದು, ನಿಂತ ವಿಮಾನ ತನ್ನ ಬಾಲದ ಸಣ್ಣ ಎಂಜಿನ್ ಓಡಿಸುವ ಬದಲು ನಿಲ್ದಾಣದ ವಿದ್ಯುತ್ ತೆಗೆದುಕೊಳ್ಳುವುದು. ಚಳಿಗಾಲದ ರಾತ್ರಿ ನೆಲದ ಹತ್ತಿರ ತಂಪು, ಮೇಲೆ ಬೆಚ್ಚಗಿರುವುದರಿಂದ ಸದ್ದು ಮತ್ತೆ ಕೆಳಕ್ಕೆ ಬಾಗಿ ದೂರದವರೆಗೆ ಕೇಳುತ್ತದೆ. ಎಂಜಿನ್ ಪರೀಕ್ಷೆಯ ತಡೆ ಆಗ ಎಲ್ಲಕ್ಕಿಂತ ಉಪಯುಕ್ತ.

ಪ್ರಶ್ನೆ: ಸೈಟು ಮಾರುವವರು ವಿಮಾನ ನಿಲ್ದಾಣಗಳ ಪ್ರಾಧಿಕಾರದ ಎನ್‌ಒಸಿ ತೋರಿಸಿ 'ಸದ್ದಿನ ತೊಂದರೆ ಇಲ್ಲ' ಎನ್ನುತ್ತಿದ್ದಾರೆ. ನಂಬಬಹುದೇ? (ಬೆಂಗಳೂರು)

ಉತ್ತರ: ಆ ಎನ್‌ಒಸಿ ಕಟ್ಟಡದ ಎತ್ತರಕ್ಕೆ ಮಾತ್ರ. ಸದ್ದಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ಉಪಗ್ರಹ ನಕ್ಷೆಯಲ್ಲಿ ಎರಡೂ ರನ್‌ವೇಗಳ ನಡುಗೆರೆಯನ್ನು ಎರಡೂ ಕಡೆಗೆ 15 ಕಿ.ಮೀ. ಎಳೆಯಿರಿ. ಸೈಟು ಆ ಗೆರೆಯಿಂದ 1 ಕಿ.ಮೀ. ಒಳಗಿದ್ದರೆ ಮುಂಗಡ ಕೊಡುವ ಮೊದಲು ರಾತ್ರಿ 11ರಿಂದ 2, ಬೆಳಿಗ್ಗೆ 5ರಿಂದ 7 ಅಲ್ಲಿ ಕಳೆಯಿರಿ. ಅದೂ ಗಾಳಿಯ ಎರಡೂ ಕಾಲದಲ್ಲಿ.

ಪ್ರಶ್ನೆ: ನಮ್ಮದು ಸಿಮೆಂಟ್ ಶೀಟಿನ ಮನೆ. ಪಕ್ಕದ ಶಾಲೆಯದೂ ಶೀಟೇ. ಕಡಿಮೆ ಖರ್ಚಿನಲ್ಲಿ ಸದ್ದು ತಡೆಯುವುದು ಹೇಗೆ? ಮರ ಬೆಳೆಸಿದರೆ ಆದೀತೇ? (ಹೊಸಕೋಟೆ ತಾಲ್ಲೂಕು)

ಉತ್ತರ: ಮರ, ಕಾಂಪೌಂಡು ಗೋಡೆ ರಸ್ತೆಯ ಸದ್ದಿಗಾದರೂ ಸ್ವಲ್ಪ ಆದೀತು. ಸದ್ದು ಮೇಲಿನಿಂದ ಬೀಳುವಾಗ ಅವುಗಳಿಂದ ಪ್ರಯೋಜನವಿಲ್ಲ. ಗೋಡೆಗೆ ಮೊಟ್ಟೆಯ ಟ್ರೇ, ಸ್ಪಂಜು ಅಂಟಿಸುವುದೂ ಅಷ್ಟೇ: ಕೋಣೆಯೊಳಗಿನ ಮಾರ್ದನಿ ಕಡಿಮೆಯಾಗುತ್ತದೆ, ಹೊರಗಿನ ಸದ್ದು ನಿಲ್ಲುವುದಿಲ್ಲ. ತಡೆಯುವುದು ಎರಡು: ಭಾರ ಮತ್ತು ಸಂದಿಯಿಲ್ಲದಿರುವುದು.

ಗಾರೆ ಮಾಡಿದ 9 ಇಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ ತಡೆಯುತ್ತದೆ, 6 ಇಂಚಿನ ಆರ್‌ಸಿಸಿ ತಾರಸಿ ಅದಕ್ಕಿಂತ ತುಸು ಹೆಚ್ಚು. ಶೀಟು ತಡೆಯುವುದು 20–25ರಷ್ಟು. ಶೀಟಿನ ಮನೆಯಲ್ಲಿ ಕಿಟಕಿಗೆ ಹಣ ಸುರಿಯುವುದು ದಂಡ, ಮೊದಲು ತಲೆಯ ಮೇಲಿನದನ್ನು ಸರಿಪಡಿಸಿ. ಗೋಡೆಯಿಂದ ಗೋಡೆಗೆ ಹೊಸದಾಗಿ ತೊಲೆಗಳನ್ನಿಟ್ಟು ಒಳಚಾವಣಿ ಮಾಡಿ. ಶೀಟು ಹೊತ್ತಿರುವ ಪೈಪುಗಳಿಗೆ ತೂಗುಹಾಕಿದರೆ ಕಂಪನ ನೇರ ಒಳಗಿಳಿಯುತ್ತದೆ. ಶೀಟಿಗೂ ಚಾವಣಿಗೂ ಕನಿಷ್ಠ 150 ಮಿ.ಮೀ. ಅಂತರ ಇರಲಿ, ಅದರಲ್ಲಿ 100 ಮಿ.ಮೀ. ದಪ್ಪ, ಘನಮೀಟರಿಗೆ 48 ಕೆ.ಜಿ. ಸಾಂದ್ರತೆಯ ರಾಕ್‌ವೂಲ್ ಹಾಸಿ. ಕೆಳಗೆ 12.5 ಮಿ.ಮೀ. ಜಿಪ್ಸಂ ಬೋರ್ಡ್ ಎರಡು ಪದರ, ಮೊದಲ ಪದರದ ಜೋಡಣೆಯ ಮೇಲೆ ಎರಡನೆಯದರ ಜೋಡಣೆ ಬರದಂತೆ. ಗೋಡೆ ಸೇರುವ ಅಂಚಿನ ಸುತ್ತ ಸೀಲೆಂಟ್ ತುಂಬಿ. ಇದರಿಂದ 15ರಿಂದ 20 ಡೆಸಿಬೆಲ್ ಹೆಚ್ಚುವರಿ ತಡೆ ಸಿಗುತ್ತದೆ. ಹಾಳಾಗುವುದು ಹೀಗೆ: ಶೀಟಿನ ಸೋರಿಕೆ ಮುಚ್ಚದೆ ಕೆಲಸ ಶುರು ಮಾಡಿದರೆ ರಾಕ್‌ವೂಲ್ ನೆನೆದು ಕುಸಿಯುತ್ತದೆ. ಫ್ಯಾನ್ ಕೊಕ್ಕೆ, ದೀಪಗಳಿಗೆ ಬೋರ್ಡು ಕೊರೆದರೆ ಅಲ್ಲಿಂದಲೇ ಸದ್ದು. ಥರ್ಮಾಕೋಲ್ ಚಾವಣಿ ಸೆಕೆ ತಡೆದೀತು, ಭಾರವಿಲ್ಲದ್ದರಿಂದ ಸದ್ದಿಗೆ ಏನೂ ಆಗದು.

ತಾರಸಿ ಮನೆಯವರು ಕಿಟಕಿ, ಗವಾಕ್ಷಿ ನೋಡಿಕೊಳ್ಳಿ. ಕೋಣೆಯ ಹೊರಮೈಯಲ್ಲಿ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ, ಗೋಡೆ ಎಷ್ಟೇ ದಪ್ಪವಿರಲಿ. ಕಿಟಕಿ ಮೇಲಿನ ಜಾಲರಿ ವೆಂಟಿಲೇಟರ್, ಎಕ್ಸಾಸ್ಟ್ ಫ್ಯಾನಿನ ತೂತು, ಬಾಗಿಲ ಕೆಳಗಿನ ಸಂದಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸರಿಯುವ ಕಿಟಕಿಯ ಬ್ರಷ್ ಸೀಲು ಸದ್ದು ಬಿಡುತ್ತದೆ, ರಬ್ಬರ್ ಗ್ಯಾಸ್ಕೆಟ್ ಮೇಲೆ ಒತ್ತಿ ಕೂರುವ ಬಾಗಿಲಿನಂಥ ಕಿಟಕಿಯೇ ಒಳ್ಳೆಯದು. ಹಳೆಯ ಕಿಟಕಿ ಹಾಗೇ ಉಳಿಸಿ, ಒಳಬದಿಗೆ 100 ಮಿ.ಮೀ. ಬಿಟ್ಟು ಇನ್ನೊಂದು ಕಿಟಕಿ ಕೂರಿಸುವುದು ದುಬಾರಿ ಎರಡು ಪದರದ ಗಾಜಿಗಿಂತ ಹೆಚ್ಚು ಫಲ ಕೊಡುತ್ತದೆ.

ಎಲ್ಲ ಮುಚ್ಚಿದ ಮೇಲೆ ಉಸಿರಾಟಕ್ಕೆ ಗಾಳಿ ಬೇಕು. 6 ಇಂಚಿನ ಫ್ಯಾನಿಗೆ ಒಂದೂವರೆ ಮೀಟರ್ ಉದ್ದದ, ಒಳಗೆ 25 ಮಿ.ಮೀ. ಗ್ಲಾಸ್‌ವೂಲ್ ಹೊದಿಸಿದ, ಎರಡು ತಿರುವುಗಳ ಪೆಟ್ಟಿಗೆ ಜೋಡಿಸಿ. ಗ್ಯಾಸ್ ಗೀಸರ್ ಇರುವ ಬಚ್ಚಲು, ಅಡುಗೆಮನೆಗಳ ಗವಾಕ್ಷಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣ ಹೋಗುತ್ತದೆ.

ಶಾಲೆಯ ಕೆಲಸ ಮನೆಗಿಂತ ಮೊದಲು ಆಗಲಿ. ಲಂಡನ್ನಿನ ಹೀಥ್ರೂ, ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್, ಮ್ಯಾಡ್ರಿಡ್ಡಿನ ಬರಾಹಾಸ್ ನಿಲ್ದಾಣಗಳ ಸುತ್ತಲಿನ ಶಾಲೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಮಾನದ ಸದ್ದು ಹೆಚ್ಚಿದಷ್ಟೂ ಮಕ್ಕಳ ಓದಿ ಗ್ರಹಿಸುವ ಶಕ್ತಿ ಕುಂದಿದ್ದು ಕಂಡುಬಂತು. ಪಾಠದ ಕೋಣೆಯಲ್ಲಿ 35 ಡೆಸಿಬೆಲ್ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಠರಾವಿನೊಂದಿಗೆ ನಿಲ್ದಾಣದ ಸಾಮಾಜಿಕ ಹೊಣೆಗಾರಿಕೆ ನಿಧಿಗೆ ಬರೆಯಿರಿ, ಮೇಲಿನ ಚಾವಣಿಯ ಅಳತೆ, ಅಂದಾಜುಪಟ್ಟಿ ಲಗತ್ತಿಸಿ.

ಪ್ರಶ್ನೆ: ಎರಡನೇ ವಿಮಾನ ನಿಲ್ದಾಣಕ್ಕೆಂದು 2025ರಲ್ಲಿ ನಮ್ಮ ಕಡೆಯ ಜಾಗಗಳನ್ನು ನೋಡಿ ಹೋದರು. ಮುಂದೆ ಅದು ಬಂದರೆ ಜನರ ಮಾತಿಗೆ ಎಲ್ಲಿ ಅವಕಾಶ? (ಕನಕಪುರ ರಸ್ತೆ, ನೆಲಮಂಗಲದಿಂದಲೂ ಇದೇ ಪ್ರಶ್ನೆ)

ಉತ್ತರ: 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸಾರ್ವಜನಿಕ ಆಲಿಕೆ ನಡೆಯಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸುತ್ತದೆ, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ಮಟ್ಟಕ್ಕೆ ಕಡಿಮೆಯಿಲ್ಲದವರು ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಭೂಮಿಯ ಬೆಲೆಯ ಮಾತಿನಲ್ಲೇ ಸಭೆ ಮುಗಿದುಹೋಗದಂತೆ ಇಬ್ಬರಾದರೂ ಸದ್ದಿನ ಬಗ್ಗೆ ಮಾತ್ರ ಮಾತಾಡಿ. ಕೇಳಬೇಕಾದವು: ನಿಲ್ದಾಣ ಪೂರ್ಣ ಸಾಮರ್ಥ್ಯ ಮುಟ್ಟುವ ವರ್ಷದ ಶಬ್ದ ನಕ್ಷೆ ಎಲ್ಲಿ? ಗಾಳಿಯ ಎರಡೂ ದಿಕ್ಕಿಗೆ ಬೇರೆ ಬೇರೆ ನಕ್ಷೆ ಇದೆಯೇ? ರಾತ್ರಿ 70 ಡೆಸಿಬೆಲ್ ದಾಟುವ ಹಾರಾಟ ಪ್ರತಿ ಊರಿಗೆ ಎಷ್ಟು? ಶಾಲೆ, ಆಸ್ಪತ್ರೆಗಳ ಪಟ್ಟಿ, ಚಾವಣಿ–ಕಿಟಕಿಗಳ ಖರ್ಚು ಯಾರದು? ಮಾತಾಡಿದ್ದನ್ನೇ ಬರಹದಲ್ಲೂ ಕೊಟ್ಟು ಸ್ವೀಕೃತಿ ಪಡೆಯಿರಿ. ನಡಾವಳಿಯನ್ನು ಸಭೆಯ ಕೊನೆಯಲ್ಲಿ ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು, ಅದಾಗುವವರೆಗೆ ಎದ್ದು ಹೋಗಬೇಡಿ. ಅನುಮತಿ ಸಿಕ್ಕ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಹಾಕಲು 30 ದಿನ, ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನ. ಅದು ಕಳೆದರೆ ಆ ಬಾಗಿಲು ಮುಚ್ಚಿತು.

ಪ್ರಶ್ನೆ: ಕೆಲವು ವಿಮಾನ ಇಳಿಯುವಾಗ ಮಾತ್ರ ಸಿಳ್ಳೆ ಹೊಡೆದಂತೆ ಕೂಗುತ್ತವೆ. ಕೆಟ್ಟಿರುತ್ತವೆಯೇ? (ರಾಜಾನುಕುಂಟೆ)

ಉತ್ತರ: ಕೆಟ್ಟಿರುವುದಿಲ್ಲ. ಹಳೆಯ ಏರ್‌ಬಸ್ ಎ320 ಬಳಗದ ವಿಮಾನಗಳ ರೆಕ್ಕೆಯ ಕೆಳಗೆ ಇಂಧನ ತೊಟ್ಟಿಯ ಒತ್ತಡ ಬಿಡುವ ದುಂಡು ರಂಧ್ರಗಳಿವೆ. ಬಾಟಲಿಯ ಬಾಯಿಗೆ ಊದಿದಂತೆ ಅವುಗಳ ಮೇಲೆ ಗಾಳಿ ಹಾದು ಆ ಸ್ವರ ಹುಟ್ಟುತ್ತದೆ. ರಂಧ್ರದ ಮುಂದೆ ಒಂದು ಪುಟ್ಟ ಲೋಹದ ತುಣುಕು ಕೂರಿಸಿದರೆ ನಿಲ್ಲುತ್ತದೆ. ಲುಫ್ತಾನ್ಸಾ 2014ರಿಂದ ತನ್ನ ವಿಮಾನಗಳಿಗೆ ಅದನ್ನು ಹಾಕಿಸಿತು. ಸಿಳ್ಳೆ ಕೇಳಿದಾಗ ಆ್ಯಪಿನಲ್ಲಿ 'ವಿಟಿ' ಎಂದು ಶುರುವಾಗುವ ವಿಮಾನದ ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಪಟ್ಟಿ ಬೆಳೆದ ಮೇಲೆ ಆಯಾ ಕಂಪನಿಗೂ ಮಹಾನಿರ್ದೇಶನಾಲಯಕ್ಕೂ ಕಳಿಸಿ, ಯಾವ ವಿಮಾನಕ್ಕೆ ಆ ತುಣುಕು ಬೇಕೆಂದು ಅದರಿಂದಲೇ ಗೊತ್ತಾಗುತ್ತದೆ.